ಅನ್ಯಾಯವನ್ನು ಬೀದಿಯಲ್ಲಿ ಕೂಗಿ ಹೇಳಬಹುದೋ?

ಗುಂಡ್ಲುಪೇಟೆಯ ಸೀಮೆಯಲ್ಲಿರುವ ಒಂದು ಚಿಕ್ಕ ಸಭೆಯಲ್ಲಿ ಗುರುವಾರ ಸಂಜೆಯ ಪ್ರಾರ್ಥನೆ ಮುಗಿದ ತರುವಾಯ ಒಬ್ಬ ಸಹೋದರನು ನಮ್ಮನ್ನು ಬಾಗಲಿನ ಬಳಿಯಲ್ಲಿ ತಡೆದು ನಿಲ್ಲಿಸಿದನು. ಅವನಿಗೆ ಎರಡು ಎಕರೆ ಹೊಲ ಉಂಟು. ಅದರಲ್ಲಿ ಅರಿಸಿನವನ್ನೂ ಈರುಳ್ಳಿಯನ್ನೂ ಬೆಳೆದು ಜೀವನಮಾಡುತ್ತಾನೆ. ಅವನ ಕಂಕುಳಲ್ಲಿ ಮಡಿಚಿದ ಹಸುರು ಶಾಲು ಇತ್ತು. ಆರಾಧನೆಯ ಹೊತ್ತಿನಲ್ಲಿ ಅದನ್ನು ಹೊದೆಯುವದಕ್ಕೆ ಅವನಿಗೆ ಧೈರ್ಯವಾಗಲಿಲ್ಲ, ಮನೆಯಲ್ಲಿ ಬಿಟ್ಟುಬರುವದಕ್ಕೂ ಮನಸ್ಸಾಗಲಿಲ್ಲ ಎಂದು ತೋರಿತು. "ಅಯ್ಯನವರೇ, ಸೋಮವಾರ ಚಾಮರಾಜನಗರದಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ರೈತರು ಧರಣಿ ಕೂತುಕೊಳ್ಳುತ್ತಾರೆ. ನಾನೂ ಹೋಗಬೇಕಂತ ಇದ್ದೇನೆ. ಆದರೆ ನಮ್ಮ ಹಿರಿಯರು, ಕ್ರೈಸ್ತನಾದವನು ಬೀದಿಯಲ್ಲಿ ನಿಂತು ಕೂಗಬಾರದು, ಅದು ಲೋಕದವರ ಕೆಲಸ ಅನ್ನುತ್ತಾರೆ. ನೀವು ಏನು ಹೇಳುತ್ತೀರಿ?" ಎಂದನು. ನಾವು ಆ ಕ್ಷಣದಲ್ಲಿ ಉತ್ತರ ಕೊಡದೆ, ಭಾನುವಾರ ಮಾತಾಡೋಣ ಎಂದು ಹೇಳಿ ಹೊರಟೆವು. ಕಡೇ ಬಸ್ಸಿನಲ್ಲಿ ಕೂತು ಬರುವಾಗ ಯೋಚಿಸಿದ್ದನ್ನೂ ಆಮೇಲೆ ಸತ್ಯವೇದವನ್ನು ತೆರೆದು ನೋಡಿದ್ದನ್ನೂ ಈ ಪತ್ರಿಕೆಯ ವಾಚಕರ ಮುಂದೆ ಇಡುತ್ತೇವೆ. ಯಾಕಂದರೆ ಈ ಪ್ರಶ್ನೆಯು ಆ ಒಬ್ಬ ಸಹೋದರನದು ಮಾತ್ರವಲ್ಲ.

ಮೊದಲು ಹಿರಿಯರ ಮಾತನ್ನು ಗೌರವದಿಂದ ಕೇಳೋಣ. ಅವರು ಎರಡು ಆಧಾರಗಳನ್ನು ತೋರಿಸುತ್ತಾರೆ. ಒಂದನೆಯದು, ಕರ್ತನ ಸೇವಕನು ಬೀದಿಯಲ್ಲಿ ಧ್ವನಿಯೆತ್ತುವವನಲ್ಲವೆಂದು ಯೆಶಾಯನು ಬರೆದದ್ದು, ಮತ್ತಾಯನು ಅದನ್ನು ನಮ್ಮ ಸ್ವಾಮಿಗೆ ಅನ್ವಯಿಸಿದ್ದು. ಎರಡನೆಯದು, ಅಧಿಕಾರಿಗಳಿಗೆ ಅಧೀನರಾಗಿರಬೇಕೆಂದು ಅಪೊಸ್ತಲನಾದ ಪೌಲನು ರೋಮಾಪುರದ ಸಭೆಗೆ ಕೊಟ್ಟ ಬುದ್ಧಿವಾದ. ಇವೆರಡೂ ದೇವರ ವಾಕ್ಯವೇ. ಇವುಗಳನ್ನು ಬದಿಗೆ ಸರಿಸಿ ಮುಂದೆ ಹೋಗುವದಕ್ಕೆ ನಮಗೆ ಅಪ್ಪಣೆಯಿಲ್ಲ. ಆದರೆ ಒಂದು ವಾಕ್ಯವನ್ನು ಹಿಡಿದು ಮಿಕ್ಕ ವಾಕ್ಯಗಳನ್ನು ಮರೆಯುವದಕ್ಕೂ ಅಪ್ಪಣೆಯಿಲ್ಲ. ಬೀದಿಯಲ್ಲಿ ಧ್ವನಿಯೆತ್ತದ ಆ ಸೇವಕನು ತನ್ನ ಕೀರ್ತಿಗೋಸ್ಕರ ಧ್ವನಿಯೆತ್ತುವದಿಲ್ಲ ಎಂದು ಆ ಅಧ್ಯಾಯದ ಮಾತನ್ನು ನಾವು ತಿಳಿಯುತ್ತೇವೆ. ನ್ಯಾಯವನ್ನು ಸ್ಥಾಪಿಸುವ ತನಕ ಅವನು ಕುಂದುವದೂ ಇಲ್ಲವೆಂದು ಅಲ್ಲಿಯೇ ಇದೆ. ಅದೇ ಯೆಶಾಯನಿಗೆ ಮುಂದೆ ತುತೂರಿಯಂತೆ ಧ್ವನಿಯೆತ್ತೆಂದು ಅಪ್ಪಣೆಯಾಗುತ್ತದೆ. ಯೆರಿಕೋವಿನ ದಾರಿಯಲ್ಲಿ ಕುರುಡನಾದ ಬಾರ್ತಿಮಾಯನು ಕೂಗಿದಾಗ ಅವನನ್ನು ಗದರಿಸಿದವರು ಜನರು; ಸ್ವಾಮಿಯು ನಿಂತು ಅವನನ್ನು ಕರೆಸಿದನು. ನಮ್ಮ ಹಿರಿಯರು ಆ ಗದರಿಸಿದವರ ಸಾಲಿನಲ್ಲಿ ನಿಲ್ಲಬೇಕೆಂದು ನಾವು ಆಶಿಸುವದಿಲ್ಲ, ಅವರೂ ಆಶಿಸಲಾರರು.

ಅಧಿಕಾರಿಗಳ ವಿಷಯವೂ ಹಾಗೆಯೇ. ಪೌಲನು ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿಕೊಂಡು ಸೆರೆಮನೆಯಲ್ಲಿ ಬಿದ್ದನು. ಮಾರನೆಯ ದಿನ ಅಧಿಕಾರಿಗಳು ಅವನನ್ನು ಗುಟ್ಟಾಗಿ ಕಳುಹಿಸಿಬಿಡುವದಕ್ಕೆ ನೋಡಿದಾಗ ಅವನು ಒಪ್ಪಲಿಲ್ಲ. ಬಹಿರಂಗವಾಗಿ ಹೊಡೆಸಿದವರು ತಾವೇ ಬಂದು ಕರಕೊಂಡು ಹೋಗಲೆಂದು ಹಟಹಿಡಿದನು. ಅಧೀನತೆಯನ್ನು ಬೋಧಿಸಿದವನೇ ಹೀಗೆ ಮಾಡಿದನು. ಇದಲ್ಲದೆ ನಮ್ಮ ದೇಶದಲ್ಲಿ ಅಧಿಕಾರವೆಂಬದು ಈಗ ಯಾರ ಕೈಯಿಂದ ಬರುತ್ತದೆ? 1950ರ ಜನವರಿ 26ರಿಂದ ನಡೆಯುತ್ತಿರುವ ಸಂವಿಧಾನದ 19ನೆಯ ವಿಧಿಯು ಮಾತಾಡುವ ಹಕ್ಕನ್ನೂ, ಆಯುಧವಿಲ್ಲದೆ ಶಾಂತವಾಗಿ ಕೂಡಿಬರುವ ಹಕ್ಕನ್ನೂ ಪ್ರಜೆಗೆ ಕೊಟ್ಟಿದೆ. ಆದದರಿಂದ ಕಚೇರಿಯ ಮುಂದೆ ಶಾಂತವಾಗಿ ಕೂತು ತನ್ನ ಕಷ್ಟವನ್ನು ಹೇಳುವವನು ಅಧಿಕಾರವನ್ನು ಎದುರಿಸುವವನಲ್ಲ. ಅಧಿಕಾರವು ತಾನೇ ತೆರೆದಿಟ್ಟ ಬಾಗಲನ್ನು ತಟ್ಟುವವನು. ಮೈಸೂರು ಸಂಸ್ಥಾನದ ಕಾಲದಲ್ಲಿ ಈ ಬಾಗಲು ಇರಲಿಲ್ಲ. 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಎಂಬ ಚಳವಳಿ ನಡೆದು, ಅನೇಕರು ಸೆರೆಗೆ ಹೋದ ಮೇಲೆಯೇ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದು ಜವಾಬ್ದಾರಿ ಸರಕಾರವಾಯಿತು. ಹೀಗಿರಲಾಗಿ ನಾವು ಇಂದು ಚೀಟಿ ಹಾಕುವ ಹಕ್ಕನ್ನು ಅನುಭವಿಸುತ್ತಾ, ಕೂಗಿದವರು ಲೋಕದವರು ಎಂದು ಹೇಳುವದು ಸರಿಯಲ್ಲ.

ಹೀಗೆ ನೋಡಿದರೆ ಸಹೋದರನ ಪ್ರಶ್ನೆಗೆ ಹೋಗಬಹುದು ಎಂಬ ಉತ್ತರ ಬೇಗನೆ ಸಿಕ್ಕುತ್ತದೆ. ಆದರೆ ನಮ್ಮ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲ. ಕೂಗಬಹುದೋ ಎಂಬದಕ್ಕಿಂತ ಹ್ಯಾಗೆ ಕೂಗಬೇಕು ಎಂಬದೇ ಕಷ್ಟವಾದ ಪ್ರಶ್ನೆ.

ಈ ಸಹೋದರನು ಕಂಕುಳಲ್ಲಿ ಇಟ್ಟುಕೊಂಡಿದ್ದ ಹಸುರು ಶಾಲಿನ ಚರಿತ್ರೆಯನ್ನೇ ನೋಡೋಣ. 1980ರಲ್ಲಿ ಮಲಪ್ರಭಾ ನೀರಾವರಿ ಸೀಮೆಯ ರೈತರು ತಮ್ಮ ಮೇಲೆ ಹೊರಿಸಿದ ಕರದ ವಿಷಯವಾಗಿ ಎದ್ದರು. ಆ ವರುಷದ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ಗುಂಡು ಹಾರಿ ರೈತರು ಪ್ರಾಣ ಬಿಟ್ಟರು. ಆ ವರುಷವೇ ಶಿವಮೊಗ್ಗೆಯ ಕಡೆಯಲ್ಲಿ ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿ ಮೊದಲಾದವರಿಂದ ಕರ್ನಾಟಕ ರಾಜ್ಯ ರೈತ ಸಂಘವು ಹುಟ್ಟಿತು. ನಂಜುಂಡಸ್ವಾಮಿಯವರು ಕಾನೂನನ್ನು ಕಲಿಸಿದ ಪ್ರಾಧ್ಯಾಪಕರು. 2004ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರು ಆರಂಭಿಸಿದ ಅಮೃತಭೂಮಿ ಎಂಬ ಸ್ಥಳವು ನಮ್ಮ ಚಾಮರಾಜನಗರದ ಸಮೀಪದಲ್ಲಿ ಹೊಂಡರಬಾಳಿನಲ್ಲಿ ಇದೆ. ಅಲ್ಲಿ ವಿಷದ ಔಷಧಿಗಳಿಲ್ಲದೆ ಬೆಳೆಯುವ ವಿಧಾನವನ್ನು ರೈತರಿಗೆ ಕಲಿಸುತ್ತಾರೆ.

ಈ ಸಂಘದವರು ಜನರ ಸಂಗಡ ಮಾತಾಡಿದ ರೀತಿಯನ್ನು ನಾವು ಬಹಳ ಸಾರಿ ಯೋಚಿಸಿದ್ದೇವೆ. ಅವರಿಗೆ ದೊಡ್ಡ ದೊಡ್ಡ ಪತ್ರಿಕೆಗಳು ಇರಲಿಲ್ಲ. ಹೆಗಲ ಮೇಲೆ ಒಂದು ಬಟ್ಟೆ ಇತ್ತು. ಓದುಬರಹ ಬಾರದವನೂ ಆ ಬಟ್ಟೆಯನ್ನು ಓದಬಲ್ಲನು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಕಚೇರಿಯ ಮೆಟ್ಟಿಲ ಮೇಲೆ ಇಬ್ಬರು ಅಪರಿಚಿತರು ಒಬ್ಬರ ಹೆಗಲನ್ನೊಬ್ಬರು ನೋಡಿ ತಮ್ಮವನೆಂದು ತಿಳಿದುಕೊಂಡರು. ಮತ್ತೊಂದು ಅವರ ಬೋರ್ಡು. ಅಧಿಕಾರಿಗಳು ಊರವರ ಅಪ್ಪಣೆಯಿಲ್ಲದೆ ಸಾಲವಸೂಲಿ ಜಪ್ತಿಗಳಿಗೋಸ್ಕರ ಊರೊಳಗೆ ಬರಕೂಡದೆಂಬ ಅರ್ಥದ ಬೋರ್ಡುಗಳನ್ನು ಅವರು ಗ್ರಾಮಗಳ ಬಾಯಲ್ಲಿ ನೆಟ್ಟರು. ಅದಕ್ಕೆ ಮುಂಚೆ ಕಾಗದವೆಂಬದು ಒಂದೇ ದಿಕ್ಕಿಗೆ ಹರಿಯುತ್ತಿತ್ತು: ಕಚೇರಿಯಿಂದ ರೈತನ ಮನೆಗೆ ನೋಟೀಸು ಬರುತ್ತಿತ್ತು, ರೈತನು ಅದನ್ನು ಓದಿಸಿಕೊಳ್ಳುವದಕ್ಕೆ ಶಾಲೆಯ ಮೇಷ್ಟ್ರ ಬಳಿಗೋ ಉಪದೇಶಿಯ ಬಳಿಗೋ ಓಡುತ್ತಿದ್ದನು. ಈಗ ರೈತನೇ ಕಚೇರಿಗೆ ನೋಟೀಸು ಬರೆದನು. ಅಧಿಕಾರಿಯು ಜೀಪು ನಿಲ್ಲಿಸಿ ಅದನ್ನು ಓದಬೇಕಾಯಿತು. ನೋಟೀಸನ್ನು ಓದಿ ಹೇಳುವ ಕೆಲಸವನ್ನು ಬಹಳ ವರುಷ ಮಾಡಿದವರಾದ ನಮಗೆ ಇದರ ಬೆಲೆ ಗೊತ್ತು. ವರದಕ್ಷಿಣೆಯೂ ಆಡಂಬರವೂ ಇಲ್ಲದ ಸರಳ ಮದುವೆಗಳನ್ನು ಸಹ ಇವರು ಮಾಡಿಸಿದರು. ಸಾಲಮಾಡಿ ಮದುವೆ ಮಾಡುವ ನಮ್ಮ ಸಭೆಗಳವರು ಈ ಒಂದು ಪಾಠವನ್ನಾದರೂ ಕಲಿಯಬಾರದೋ ಎಂದು ಈ ಸಂದರ್ಭದಲ್ಲಿ ಕೇಳದೆ ಇರಲಾರೆವು.

ಶಾಲಿನ ವಿಷಯದಲ್ಲಿ ನಮಗೆ ಮೆಚ್ಚಿಗೆಯಾದ ಸಂಗತಿ ಏನಂದರೆ, ಅದನ್ನು ಹೊದೆದವನಿಗೆ ಮುಖ ಉಂಟು. ಅವನು ಇಂಥ ಊರವನು, ಇಂಥವನ ಮಗನು ಎಂದು ಎಲ್ಲರಿಗೂ ಗೊತ್ತು. ಅವನು ಹೇಳಿದ್ದು ಸುಳ್ಳಾದರೆ ನಾಳೆ ಅವನನ್ನು ನಿಲ್ಲಿಸಿ ಕೇಳಬಹುದು. ಪೊಲೀಸರು ಹಿಡಿದರೆ ಅವನನ್ನೇ ಹಿಡಿಯುತ್ತಾರೆ. ಅರಣ್ಯಕಾಂಡದಲ್ಲಿ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳ ಸಂಗತಿಯನ್ನು ಓದಿರಿ. ಗಂಡುಮಕ್ಕಳಿಲ್ಲದೆ ಸತ್ತ ತಂದೆಯ ಸ್ವಾಸ್ತ್ಯವು ತಮಗೆ ಸಿಕ್ಕದೆ ಹೋಗುವದೆಂದು ತಿಳಿದು ಅವರು ಮನೆಯೊಳಗೆ ಕೂತು ಅಳಲಿಲ್ಲ. ದೇವದರ್ಶನದ ಗುಡಾರದ ಬಾಗಲಿಗೆ ಬಂದು, ಮೋಶೆಯ ಮುಂದೆಯೂ ಪ್ರಧಾನರ ಮುಂದೆಯೂ ಸಮಸ್ತ ಸಮೂಹದ ಮುಂದೆಯೂ ನಿಂತು ಮಾತಾಡಿದರು. ಅವರ ಐದು ಹೆಸರುಗಳೂ ಬರೆದಿಡಲ್ಪಟ್ಟಿವೆ. ಮೋಶೆಯು ಅದನ್ನು ಕರ್ತನ ಸನ್ನಿಧಿಗೆ ತಂದಾಗ ಅವರು ಹೇಳಿದ್ದು ಸರಿಯೆಂದು ತೀರ್ಪಾಗಿ, ಇಸ್ರಾಯೇಲಿನ ಕಟ್ಟಳೆಯೇ ಬದಲಾಯಿತು. ಬಹಿರಂಗವಾಗಿ ಹೇಳಿಕೊಂಡು ಕಟ್ಟಳೆಯನ್ನು ಬದಲಾಯಿಸುವದಕ್ಕೆ ಇದಕ್ಕಿಂತ ಹಳೆಯ ದೃಷ್ಟಾಂತವು ನಮಗೆ ಬೇಕಾಗಿಲ್ಲ. ಅವರು ಹೇಳಿದ್ದನ್ನು ಗಮನಿಸಿರಿ: ತಂದೆಯು ಕೋರಹನ ಗುಂಪಿನಲ್ಲಿ ಸೇರಿದವನಲ್ಲವೆಂದೂ ತನ್ನ ಸ್ವಂತ ಪಾಪದಿಂದಲೇ ಸತ್ತನೆಂದೂ ಒಪ್ಪಿಕೊಂಡರು. ತಂದೆಯನ್ನು ನೀತಿವಂತನನ್ನಾಗಿ ಮಾಡಿ ತೋರಿಸಲಿಲ್ಲ.

ರೈತ ಸಂಘದವರು ಮಾಡಿದ್ದೆಲ್ಲವನ್ನೂ ನಾವು ಒಪ್ಪುತ್ತೇವೆಂದು ಯಾರೂ ತಿಳಿಯಬಾರದು. 1992ರ ಡಿಸೆಂಬರ್ 29ರಂದು ಬೆಂಗಳೂರಿನಲ್ಲಿ ಕಾರ್ಗಿಲ್ ಎಂಬ ಪರದೇಶದ ಬೀಜದ ಕಂಪೆನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಹೊರಗೆ ಹಾಕಿ ಸುಟ್ಟರು. 1998ರ ನವೆಂಬರಿನಲ್ಲಿ ರಾಯಚೂರು ಸೀಮೆಯಲ್ಲಿ ಪರೀಕ್ಷೆಗಾಗಿ ಬೆಳೆದಿದ್ದ ಹೊಸ ತರದ ಹತ್ತಿಯ ಗಿಡಗಳನ್ನು ಕಿತ್ತು ಬೆಂಕಿಯಿಟ್ಟರು. ಮನುಷ್ಯನ ಮೈಮುಟ್ಟದೆ ವಸ್ತುವನ್ನು ಸುಟ್ಟರೆ ಹಿಂಸೆಯಲ್ಲವೆಂದು ಅವರ ವಾದ. ಬೆಂಕಿಯೂ ಒಂದು ಭಾಷೆಯೇ, ದೂರದ ದೇಶಗಳವರೆಗೂ ಕಾಣಿಸುತ್ತದೆ ಎಂಬದು ನಿಜ. ಆದರೆ ಆ ಬೆಂಕಿಯ ಮುಂದೆ ನಿಂತಿರುವ ಗುಮಾಸ್ತನ ಹೆದರಿಕೆಯನ್ನು ನೆನಸಿದರೆ ನಮ್ಮ ಮನಸ್ಸಾಕ್ಷಿಯು ಒಪ್ಪುವದಿಲ್ಲ. ಫಲವನ್ನು ನೋಡಿದರೂ, ಆ ಹತ್ತಿಗೆ 2002ರಲ್ಲಿ ಸರಕಾರದ ಒಪ್ಪಿಗೆ ದೊರೆಯಿತು. ಬೆಂಕಿಯಿಂದ ಅದು ನಿಲ್ಲಲಿಲ್ಲ. ತರುವಾಯ ಅದೇ ಜಾತಿಯ ಬದನೆಯ ವಿಷಯ ಬಂದಾಗ ಆಗಿನ ಪರಿಸರ ಮಂತ್ರಿಗಳಾದ ಜೈರಾಂ ರಮೇಶರು ದೇಶದ ಏಳು ಪಟ್ಟಣಗಳಲ್ಲಿ ಬಹಿರಂಗ ಸಭೆಗಳನ್ನು ಕೂಡಿಸಿ, ರೈತರ ಮಾತನ್ನೂ ವಿಜ್ಞಾನಿಗಳ ಮಾತನ್ನೂ ಕೇಳಿದರು. ಬೆಂಗಳೂರಿನಲ್ಲಿಯೂ ಸಭೆಯಾಯಿತು, ಅಲ್ಲಿ ಗದ್ದಲಕ್ಕೇನೂ ಕೊರತೆಯಿರಲಿಲ್ಲ. 2010ರ ಫೆಬ್ರವರಿ 9ರಂದು ಬದನೆಗೆ ತಡೆ ಬಿತ್ತು. ಮೊದಲು ಬೆಂಕಿ ಕಾಣದೆ ಇದ್ದರೆ ಮಂತ್ರಿಗಳು ಸಭೆ ಕೂಡಿಸುತ್ತಿದ್ದರೋ ಎಂದು ಸಂಘದವರು ನಮ್ಮನ್ನು ಕೇಳಬಹುದು. ಅದಕ್ಕೆ ಖಂಡಿತವಾದ ಉತ್ತರ ನಮ್ಮಲ್ಲಿಲ್ಲ. ಆದರೂ ಕಾರಣಗಳನ್ನು ಮುಂದಿಟ್ಟು ಮಾತಾಡಿದ ದಿನವೇ ತೀರ್ಪಿನ ಕಾಗದದಲ್ಲಿ ಆ ಕಾರಣಗಳು ಸೇರಿದವು ಎಂಬದು ನಮಗೆ ಚಿಕ್ಕದಾಗಿ ಕಾಣುವದಿಲ್ಲ.

ಇನ್ನು ಗುಂಡ್ಲುಪೇಟೆಯವರಿಗೆ ಮನೆಬಾಗಲಿನ ಸಂಗತಿಯಾಗಿರುವ ಬಂಡೀಪುರದ ರಾತ್ರಿ ಸಂಚಾರದ ವಿಷಯಕ್ಕೆ ಬರೋಣ. ಇಲ್ಲಿ ಪ್ರಶ್ನೆ ಇನ್ನೂ ಕಠಿಣ. 2009ರಿಂದ ಕಾಡಿನೊಳಗಣ ಎರಡು ಹೆದ್ದಾರಿಗಳಲ್ಲಿ, ಅಂದರೆ ಸುಲ್ತಾನ್ ಬತ್ತೇರಿಗೆ ಹೋಗುವದರಲ್ಲಿಯೂ ಊಟಿಗೆ ಹೋಗುವದರಲ್ಲಿಯೂ, ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6ರ ತನಕ ವಾಹನಗಳು ಓಡಕೂಡದೆಂಬ ಆಜ್ಞೆ ಉಂಟಾಯಿತು. ಜಿಲ್ಲಾಧಿಕಾರಿಗಳು ಆಜ್ಞೆಮಾಡಿ ಕೆಲವು ದಿವಸಗಳಲ್ಲೇ ಹಿಂತೆಗೆದುಕೊಂಡರು. ಸಂಗತಿಯು ಹೈಕೋರ್ಟಿಗೆ ಹೋಗಿ 2010ರಲ್ಲಿ ಆಜ್ಞೆಯು ಸ್ಥಿರವಾಯಿತು. ರೋಗಿಗಳ ವಾಹನಕ್ಕೂ ಕೆಲವು ಬಸ್ಸುಗಳಿಗೂ ದಾರಿ ಬಿಟ್ಟಿದ್ದಾರೆ. ಮಿಕ್ಕವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಸುತ್ತುದಾರಿ ಉಂಟು. ಕೇರಳದವರು ಸುಪ್ರೀಂ ಕೋರ್ಟಿಗೆ ಹೋದರು. 2019ರಲ್ಲಿ ಹಗಲಿನಲ್ಲಿಯೂ ದಾರಿ ಮುಚ್ಚಬಹುದೆಂಬ ಮಾತು ಹುಟ್ಟಿದಾಗ ಸುಲ್ತಾನ್ ಬತ್ತೇರಿಯಲ್ಲಿ ಯೌವನಸ್ಥರು ಉಪವಾಸ ಕೂತರು, ಸಾವಿರಾರು ಜನರು ಬೀದಿಗೆ ಬಂದರು. ಈ ಕಡೆಯಲ್ಲಿ ಕಾಡನ್ನು ಪ್ರೀತಿಸುವವರು ಬಂಡೀಪುರವನ್ನು ಉಳಿಸಿರೆಂದು ಮೊಬೈಲುಗಳ ಮೂಲಕ ಊರೂರಿಗೆ ಕೂಗಿದರು. 2025ರ ಏಪ್ರಿಲಿನಲ್ಲಿ ಮದ್ದೂರು ತಪಾಸಣೆಯ ಗೇಟಿನ ತನಕ ಕಾಲ್ನಡಿಗೆ ಮಾಡಿದರು.

ಎರಡು ಕಡೆಯವರೂ ಕೂಗುತ್ತಾರೆ. ಎರಡು ಕೂಗಿನಲ್ಲಿಯೂ ನಿಜವಾದ ಸಂಕಟ ಉಂಟು. ವಯನಾಡಿನ ವ್ಯಾಪಾರಿಯ ಲಾರಿಗೆ ನಷ್ಟ. ನಮ್ಮ ಗುಂಡ್ಲುಪೇಟೆಯ ರೈತನ ತರಕಾರಿಯೂ ಆ ಘಾಟಿಯನ್ನು ಇಳಿದೇ ಮಾರಾಟವಾಗಬೇಕು. ಆದದರಿಂದ ನಮ್ಮವರಲ್ಲಿಯೇ ಎರಡು ಮನಸ್ಸು ಉಂಟು. ಕತ್ತಲಲ್ಲಿ ದಾರಿ ದಾಟುವ ಆನೆಮರಿಗೆ, ಜಿಂಕೆಗೆ, ಚಿರತೆಗೆ ಬಾಯಿಲ್ಲ. ಅವು ಜಿಲ್ಲಾಧಿಕಾರಿಗಳಿಗೆ ಅರ್ಜಿ ಬರೆಯಲಾರವು. ಬಾಯಿಲ್ಲದವರಿಗೋಸ್ಕರ ಬಾಯಿ ತೆರೆಯಬೇಕೆಂದು ಜ್ಞಾನೋಕ್ತಿಗಳಲ್ಲಿ ಒಬ್ಬ ತಾಯಿಯು ತನ್ನ ಮಗನಾದ ಅರಸನಿಗೆ ಬುದ್ಧಿ ಹೇಳಿದಳಲ್ಲವೇ? ಆ ಮಾತು ಮನುಷ್ಯರನ್ನು ಕುರಿತದ್ದಾದರೂ, ಗುಬ್ಬಿಯನ್ನು ಮರೆಯದ ದೇವರು ಆನೆಯನ್ನು ಮರೆತಾನೆಂದು ನಾವು ನಂಬುವದಿಲ್ಲ. ರಾತ್ರಿಯ ನಿಷೇಧವು ನಿಲ್ಲಬೇಕೆಂಬ ಪಕ್ಷದಲ್ಲಿ ನಾವು ಇದ್ದೇವೆ, ಅದನ್ನು ಮುಚ್ಚಿಡುವದಿಲ್ಲ. ಆದರೆ ನಮ್ಮ ಪಕ್ಷದವನೊಬ್ಬನು ಎದುರಿನವರನ್ನು ಕಾಡುಗಳ್ಳರೆಂದು ಕರೆದಾಗಲೂ, ಎದುರಿನವನೊಬ್ಬನು ರೋಗಿಯ ವಾಹನಕ್ಕೆ ಕೊಟ್ಟಿರುವ ಅಪ್ಪಣೆಯನ್ನು ಬಾಯಿಬಿಡದೆ ರೋಗಿಯ ಕಣ್ಣೀರನ್ನು ಮಾತ್ರ ವರ್ಣಿಸಿದಾಗಲೂ, ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯವು ನಮ್ಮ ಜ್ಞಾಪಕಕ್ಕೆ ಬರುತ್ತದೆ. ಎಫೆಸ ಪಟ್ಟಣದಲ್ಲಿ ದೇಮೇತ್ರಿಯನೆಂಬ ಅಕ್ಕಸಾಲಿಗನು ತನ್ನ ವ್ಯಾಪಾರ ಕೆಡುವದೆಂದು ಹೆದರಿ, ದೇವಿಯ ಮಾನ ಹೋಗುವದೆಂದು ಜನರನ್ನು ಎಬ್ಬಿಸಿದನು. ನಾಟಕಶಾಲೆಯಲ್ಲಿ ಎರಡು ತಾಸು ಕೂಗಾಯಿತು. ಕೂಡಿದವರಲ್ಲಿ ಹೆಚ್ಚು ಮಂದಿಗೆ ತಾವು ಯಾತಕ್ಕೆ ಬಂದೆವೆಂಬದೇ ತಿಳಿಯಲಿಲ್ಲವೆಂದು ಲೂಕನು ಬರೆಯುತ್ತಾನೆ. ಅಲ್ಲಿ ಧ್ವನಿಗೆ ಕಡಿಮೆಯಿರಲಿಲ್ಲ. ಕಾಡಿನ ಹೆಸರಿನಲ್ಲಿ ಮಾತಾಡುವವನೂ ರೋಗಿಯ ಹೆಸರಿನಲ್ಲಿ ಮಾತಾಡುವವನೂ, ನಾವೂ ಸಹ, ಒಳಗೆ ದೇಮೇತ್ರಿಯನ ಅಂಗಡಿ ಇದೆಯೋ ಎಂದು ಒಂದು ಸಾರಿ ನೋಡಿಕೊಳ್ಳುವದು ಒಳ್ಳೇದು.

ಕೂಗದೆಯೂ ಬಹಿರಂಗವಾಗಿ ಮಾತಾಡಿದವರು ನಮ್ಮ ಜಿಲ್ಲೆಯಲ್ಲಿಯೇ ಉಂಟು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲತಲಾಂತರದಿಂದ ಆ ಕಾಡಿನಲ್ಲಿ ವಾಸಿಸಿದವರು. ಕಾಡು ವನ್ಯಧಾಮವಾದ ಮೇಲೆ ಅವರನ್ನು ಒಳಗಣ ಹಾಡಿಗಳಿಂದ ಎಬ್ಬಿಸಿದರು. 2006ರಲ್ಲಿ ಅರಣ್ಯ ಹಕ್ಕುಗಳ ಕಾನೂನು ಬಂದಾಗ, ಇದು ನಮ್ಮ ಪೂರ್ವಿಕರ ಕಾಡು ಎಂಬದಕ್ಕೆ ಸಾಕ್ಷಿಯೇನು ಎಂಬ ಪ್ರಶ್ನೆ ಹುಟ್ಟಿತು. ಅವರ ಹತ್ತಿರ ಪಟ್ಟೆಯಿಲ್ಲ, ತಾಮ್ರಶಾಸನವಿಲ್ಲ. ಆಗ ಹಿರಿಯ ಸೋಲಿಗರು ಸಂಶೋಧಕರ ಸಂಗಡ ಕಾಡನ್ನು ಸುತ್ತಿ, ತಮ್ಮ ದೇವರು, ಮಾರಮ್ಮ, ವೀರರು, ಕಲ್ಲುಗುಡಿ, ಅಬ್ಬಿ ಎಂಬ ನೂರಾರು ಸ್ಥಳಗಳನ್ನು ಒಂದೊಂದಾಗಿ ತೋರಿಸಿ ಹೇಳಿ, ನಕ್ಷೆಯ ಮೇಲೆ ಬರೆಸಿದರು. 2011ರ ಆರಂಭದಲ್ಲಿ ಆ ಕಾಡು ಹುಲಿಗಳ ಮೀಸಲು ಪ್ರದೇಶವಾಯಿತು; ಆದರೂ ಅದೇ ವರುಷ 25 ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕುಪತ್ರಗಳು ದೊರೆತವು. ಹುಲಿಗಳ ಮೀಸಲು ಕಾಡಿನಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿಯೇ ಮೊದಲನೆಯದೆಂದು ಹೇಳುತ್ತಾರೆ. ಆ ಸ್ಥಳಗಳಲ್ಲಿ ನಡೆಯುವ ಪೂಜೆಯಲ್ಲಿ ನಾವು ಪಾಲುಗಾರರಲ್ಲ. ಆದರೆ ಸ್ಥಳವನ್ನು ತೋರಿಸಿ ಮಾತಾಡಿದ ಅವರ ರೀತಿಯನ್ನು ಮೆಚ್ಚದೆ ಇರಲಾರೆವು. ಯಾಕಂದರೆ ಯಾರಾದರೂ ಹೋಗಿ ನೋಡಬಹುದಾಗಿತ್ತು.

ಈ ಕಡೇ ಮಾತನ್ನು ಬರೆಯುವಾಗ ನಮ್ಮ ಕೈ ಸ್ವಲ್ಪ ತಡೆಯುತ್ತದೆ. ಕಾರಣವನ್ನು ಹೇಳಿಬಿಡುತ್ತೇವೆ. ಹನ್ನೆರಡು ವರುಷಗಳ ಹಿಂದೆ ನಾವು ಸೇವೆಮಾಡುತ್ತಿದ್ದ ಒಂದು ಗ್ರಾಮದ ಸಭೆಗೆ ಸಮಾಧಿಯ ಭೂಮಿ ಇರಲಿಲ್ಲ. ಒಂದು ಕೂಸು ತೀರಿಕೊಂಡಾಗ ಅದನ್ನು ರಸ್ತೆಯ ಪಕ್ಕದ ಹಳ್ಳದ ದಂಡೆಯಲ್ಲಿ ಹೂಣಬೇಕಾಯಿತು. ಆ ಸಂಜೆಯೇ ನಾವು ಕೂತು ಅರ್ಜಿ ಬರೆದೆವು. ಆ ಸಭೆಯಲ್ಲಿ 31 ಕುಟುಂಬಗಳಿದ್ದವು. 31 ಎಂದು ಬರೆದರೆ ಯಾರು ಲಕ್ಷ್ಯ ಮಾಡುತ್ತಾರೆ ಎಂದು ನೆನಸಿ, ನೂರಕ್ಕೆ ಮೇಲ್ಪಟ್ಟ ಕುಟುಂಬಗಳು ಎಂದು ಬರೆದೆವು. ಪತ್ರಿಕೆಗೆ ಕಳುಹಿಸಿದ ಪ್ರತಿಯಲ್ಲಿಯೂ ಹಾಗೆಯೇ ಇತ್ತು. ಅದು ಅಚ್ಚಾಯಿತು, ನಮಗೆ ಸಂತೋಷವಾಯಿತು. ಕೆಲವು ವಾರಗಳಾದ ಮೇಲೆ ಕಚೇರಿಯಿಂದ ಒಬ್ಬ ನೌಕರನು ಬಂದು ಮನೆಗಳನ್ನು ಎಣಿಸಿದನು. ಎಣಿಸಿ ಮುಗಿಸಿ ನಮ್ಮ ಕಡೆಗೆ ತಿರುಗಿ, "ಮನೆಯ ಲೆಕ್ಕವೇ ಸುಳ್ಳಾದ ಮೇಲೆ ಮಗುವಿನ ಸಂಗತಿ ನಿಜವೆಂದು ನಾನು ಹ್ಯಾಗೆ ಬರೆಯಲಿ, ಸ್ವಾಮಿ?" ಎಂದು ಕೇಳಿದನು. ಅವನು ಕೆಟ್ಟವನಲ್ಲ. ಮಗುವಿನ ತಾಯಿ ಅಲ್ಲಿಯೇ ಜಗಲಿಯ ಮೇಲೆ ಕೂತಿದ್ದಳು. ಆ ಭೂಮಿ ಸಿಕ್ಕುವದಕ್ಕೆ ಇನ್ನೂ ಮೂರು ವರುಷ ಹಿಡಿಯಿತು. ಆ ಮೂರು ವರುಷದಲ್ಲಿ ಸತ್ತ ಇಬ್ಬರು ಮುದುಕರನ್ನು ಬಾಡಿಗೆಯ ವಾಹನದಲ್ಲಿ ಬಹುದೂರದ ಪಟ್ಟಣಕ್ಕೆ ಹೊತ್ತುಕೊಂಡು ಹೋದೆವು. ತಡವಾದದ್ದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ನಮ್ಮ ಪಾಲಿನದನ್ನು ನಾವು ಬಲ್ಲೆವು.

ನಮ್ಮ ಕಾರಣವು ನ್ಯಾಯವಾಗಿತ್ತು. ಅದರಿಂದಲೇ ಸುಳ್ಳು ಅಷ್ಟು ಸುಲಭವಾಗಿ ಬಂತು ಎಂದು ಈಗ ತಿಳಿಯುತ್ತದೆ. ದುಷ್ಟಕಾರ್ಯಕ್ಕೆ ಸುಳ್ಳು ಹೇಳುವವನಿಗೆ ಒಳಗೆ ಒಂದು ಅಳುಕಾದರೂ ಇರುತ್ತದೆ. ಬಡವರಿಗೋಸ್ಕರ ಸುಳ್ಳು ಹೇಳುವವನು ಅದನ್ನು ಪ್ರೀತಿಯೆಂದು ಕರೆಯುತ್ತಾನೆ. ಆದರೆ ಬಡವನಿಗೆ ಹಣವಿಲ್ಲ, ವಕೀಲನಿಲ್ಲ, ಮಂತ್ರಿಯ ಪರಿಚಯವಿಲ್ಲ. ಅವನು ಹೇಳಿದ್ದು ನಿಜ ಎಂಬ ಒಂದೇ ಆಸ್ತಿ ಇರುತ್ತದೆ. ನಾವು ಕೈಹಾಕಿ ಕದ್ದದ್ದು ಅದನ್ನೇ.

ಈಜೆಬೆಲಳು ನಾಬೋತನ ದ್ರಾಕ್ಷೇತೋಟವನ್ನು ತೆಗೆದುಕೊಳ್ಳುವದಕ್ಕೆ ಕತ್ತಿಯನ್ನು ಹಿಡಿಯಲಿಲ್ಲ. ಅರಸನ ಮುದ್ರೆಯಿರುವ ಪತ್ರಗಳನ್ನು ಬರೆಸಿದಳು, ಉಪವಾಸದ ದಿನವನ್ನು ಸಾರಿಸಿದಳು, ಜನರನ್ನು ಕೂಡಿಸಿದಳು, ಇಬ್ಬರು ಸುಳ್ಳುಸಾಕ್ಷಿಗಳನ್ನು ನಿಲ್ಲಿಸಿದಳು. ಪತ್ರ, ಸಭೆ, ಉಪವಾಸ, ಸಾಕ್ಷಿ ಎಂಬ ಇವೇ ಸಾಧನಗಳನ್ನು ಒಳ್ಳೇ ಚಳವಳಿಗಾರನೂ ಉಪಯೋಗಿಸುತ್ತಾನೆ. ಕಲ್ಲೆಸೆದವರು ತಾವು ಧರ್ಮವನ್ನು ಮಾಡುತ್ತಿದ್ದೇವೆಂದೇ ತಿಳಿದಿದ್ದಿರಬಹುದು. ಈಗ ಪ್ರತಿಯೊಬ್ಬನ ಜೇಬಿನಲ್ಲಿರುವ ಮೊಬೈಲಿನಲ್ಲಿ ಇಂಥ ಪತ್ರಗಳು ಹಗಲುರಾತ್ರಿ ಬಂದು ಬೀಳುತ್ತವೆ; ಅವುಗಳಿಗೆ ಮುದ್ರೆ ಕೂಡ ಬೇಕಾಗಿಲ್ಲ. ಬರೆದವನಿಗೆ ಹೆಸರಿಲ್ಲ, ಊರಿಲ್ಲ, ಹೆಗಲ ಮೇಲೆ ಶಾಲಿಲ್ಲ. ಒಂದು ಜಾತಿಯವರನ್ನಾಗಲಿ ಒಂದು ಮತದವರನ್ನಾಗಲಿ ದೂರುವ ಮಾತು ಬಂದಾಗ, ಅದು ನಮ್ಮ ಮೇಲೆಯೇ ಬಂದಿದ್ದರೆ ಹೊಟ್ಟೆ ಉರಿಯುತ್ತದೆ; ಇನ್ನೊಬ್ಬರ ಮೇಲೆ ಬಂದಿದ್ದರೆ ಹೆಬ್ಬೆರಳು ಒತ್ತಿ ಮುಂದಕ್ಕೆ ಕಳುಹಿಸುತ್ತೇವೆ. ನಮ್ಮ ಸಭೆಗಳವರೂ ಹೀಗೆ ಮಾಡುವದನ್ನು ನಾವು ಕಂಡಿದ್ದೇವೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಮಿಷನರಿಯಾದ ಮೋಗ್ಲಿಂಗರು ಮಂಗಳೂರ ಸಮಾಚಾರ ಎಂಬ ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರೆಂದು ನಾವು ಹೆಮ್ಮೆಪಡುತ್ತೇವೆ. ಊರಿನಲ್ಲಿ ಹಬ್ಬುವ ಗಾಳಿಮಾತಿಗೆ ಬದಲಾಗಿ ನಿಜವಾದ ವರ್ತಮಾನ ಜನರಿಗೆ ಸಿಕ್ಕಬೇಕೆಂಬದು ಅಂಥ ಪತ್ರಿಕೆಯ ಕೆಲಸ. ಆ ಹೆಮ್ಮೆಯನ್ನು ಇಟ್ಟುಕೊಂಡು ಗಾಳಿಮಾತನ್ನು ಹಂಚುವದು ಹ್ಯಾಗೆ?

ನಿಜವನ್ನೇ ಹೇಳಿದರೆ ತೀರ್ಪು ಬೇಗ ಬರುತ್ತದೆಂದು ನಾವು ಯಾರಿಗೂ ಭರವಸೆ ಕೊಡಲಾರೆವು. 2019ರ ಜನವರಿಯಲ್ಲಿ ಸಾವಿರಾರು ಬಡ ಹೆಂಗಸರು ಮದ್ಯವನ್ನು ನಿಲ್ಲಿಸಿರೆಂದು ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದುಬಂದರು. ಅವರ ಮಾತಿನಲ್ಲಿ ಸುಳ್ಳಿಗೆ ಸ್ಥಳವಿರಲಿಲ್ಲ. ಗಂಡಂದಿರ ಕುಡಿತವನ್ನು ಹೆಚ್ಚುಮಾಡಿ ಹೇಳುವದು ಯಾವ ಹೆಂಗಸಿಗೂ ಬೇಕಾಗಿಲ್ಲ. 2007ರ ಜುಲೈಯಿಂದ ಸಾರಾಯಿ ನಿಂತಿದ್ದರೂ ಬೇರೆ ಮದ್ಯವು ಹಳ್ಳಿಯ ಗೂಡಂಗಡಿಗೂ ಬಂದಿತ್ತು. ಅವರು ಕೇಳಿದ್ದು ಸಿಕ್ಕಲಿಲ್ಲ. ಲೂಕನ 18ನೆಯ ಅಧ್ಯಾಯದ ವಿಧವೆಯು ನ್ಯಾಯಾಧಿಪತಿಯ ಬಾಗಲಿಗೆ ಎಷ್ಟು ಸಾರಿ ಹೋದಳೆಂಬ ಲೆಕ್ಕವನ್ನು ಸ್ವಾಮಿಯು ಹೇಳಲಿಲ್ಲ. ನಮ್ಮ ಚಾಮರಾಜನಗರಕ್ಕಾದರೋ ಬಹು ವರುಷಗಳ ತನಕ ಅನೇಕ ಮುಖ್ಯಮಂತ್ರಿಗಳು ಕಾಲಿಡಲೇ ಇಲ್ಲ. ಇಲ್ಲಿಗೆ ಬಂದವರ ಪದವಿ ಹೋಗುವದೆಂಬ ಮೂಢನಂಬಿಕೆಯೇ ಅದಕ್ಕೆ ಕಾರಣವಾಗಿತ್ತು. ಸಿದ್ದರಾಮಯ್ಯನವರು 2013ರಿಂದ ಹಲವು ಸಾರಿ ಬಂದುಹೋಗಿ ಐದು ವರುಷದ ಅವಧಿಯನ್ನು ಪೂರೈಸಿದರು. ಶಕುನಕ್ಕೆ ಹೆದರಿ ಕೇಳದೆ ಇದ್ದ ಕಿವಿಗಳಿಗೆ ಕೇಳಿಸುವ ತನಕ ಹೋಗಿ ಹೇಳುವದರಲ್ಲಿ ಪಾಪವಿಲ್ಲ.

ಭಾನುವಾರ ಆರಾಧನೆಯಾದ ಮೇಲೆ ಆ ಸಹೋದರನೂ ಸಭಾಹಿರಿಯರೂ ನಾವೂ ಹುಣಸೇಮರದ ಕೆಳಗೆ ಕೂತು ಇದನ್ನೆಲ್ಲಾ ಮಾತಾಡಿದೆವು. ಹಿರಿಯರು ಎಲ್ಲವನ್ನೂ ಒಪ್ಪಲಿಲ್ಲ. ಕಲ್ಲು ತೂರಾಟವಾದರೆ ಕೂಡಲೆ ಎದ್ದು ಬರಬೇಕು, ಮಂತ್ರಿಯನ್ನು ಬಯ್ಯುವ ಕೂಗಿಗೆ ಬಾಯಿಗೂಡಿಸಬಾರದು ಎಂದು ಎರಡು ಮಾತು ಹೇಳಿ ಸುಮ್ಮನಾದರು. ಸಹೋದರನು ಜೇಬಿನಿಂದ ಧರಣಿಯ ಕರಪತ್ರವನ್ನು ತೆಗೆದು ಕೊಟ್ಟನು. ನಾವು ಅದನ್ನು ಗಟ್ಟಿಯಾಗಿ ಓದಿದೆವು. ಅದರಲ್ಲಿ ಅವನ ಊರಿನಲ್ಲಿ ಅರಿಸಿನದ ಬೆಳೆಯಿಂದ ನಷ್ಟಪಟ್ಟ ರೈತರ ಸಂಖ್ಯೆಯು 300 ಎಂದು ಇತ್ತು. ಊರಿನಲ್ಲಿ ಅಷ್ಟು ಮಂದಿ ಅರಿಸಿನ ಬೆಳೆಯುತ್ತಾರೋ ಎಂದು ಕೇಳಿದೆವು. ಅವನು ಬೆರಳು ಮಡಿಚಿ ಕೇರಿಕೇರಿಯಾಗಿ ಬಹಳ ಹೊತ್ತು ಎಣಿಸಿದನು. ಹಿರಿಯರು ತಾವೂ ಎರಡು ಹೆಸರನ್ನು ಜ್ಞಾಪಿಸಿಕೊಟ್ಟರು. 84 ಆಯಿತು. ಅವನು ನಮ್ಮ ಪೆನ್ನನ್ನು ಕೇಳಿ ತೆಗೆದುಕೊಂಡು, ತನ್ನ ಹತ್ತಿರವಿದ್ದ ಕರಪತ್ರಗಳಲ್ಲೆಲ್ಲಾ 300ನ್ನು ಹೊಡೆದುಹಾಕಿ 84 ಎಂದು ಬರೆದನು. ಸೋಮವಾರ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಅವನು ಚಾಮರಾಜನಗರಕ್ಕೆ ಹೊರಟಾಗ ಶಾಲು ಅವನ ಹೆಗಲ ಮೇಲೆಯೇ ಇತ್ತು.